ಪಾರ್ಸೆಲ್ ಮಾಂಸದ ಊಟ: ವರ್ಷಗಟ್ಟಲೆ ತರಿಸಿ ತಿಂದ ಮೇಲೆ ಬರೆದ ವಿಮರ್ಶೆ

ಆ್ಯಪ್ ಮೂಲಕ ಮನೆಗೆ ತರಿಸುವ ಮಾಂಸದ ಅಡುಗೆಗೆ ನಾನು ಕೊಡುವ ಅಂಕ ಐದಕ್ಕೆ ಮೂರು. ರುಚಿಗೆ ನಾಲ್ಕು, ಪ್ಯಾಕಿಂಗ್‌ಗೆ ನಾಲ್ಕು, ಮಾಂಸದ ಬಗ್ಗೆ ಸಿಗುವ ಮಾಹಿತಿಗೆ ಒಂದು. ಚಿಕನ್ನೋ ಮಟನ್ನೋ ಆಗಾಗ ಪಾರ್ಸೆಲ್ ಬರುವ ಮನೆ ನಮ್ಮದು, ಹಲವು ವರ್ಷಗಳಿಂದ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ, ಚಿಕ್ಕ ಮಗು ಇದೆ. ನಮಗೆ ಒಂದು ದಿನದ ಹೊಟ್ಟೆನೋವಾಗಿ ಮುಗಿದುಹೋಗುವ ತೊಂದರೆ ಅವರಿಬ್ಬರನ್ನು ಆಸ್ಪತ್ರೆಗೆ ಸೇರಿಸಬಲ್ಲದು. ಹಾಗಾಗಿ ಡಬ್ಬಿಯ ಮುಚ್ಚಳ ತೆಗೆದಾಗ ಏಳುವ ಅನುಮಾನಗಳನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಓದಿದ್ದೇನೆ, ಅಳೆದು ನೋಡಿದ್ದೇನೆ, ಕೇಳಬೇಕಾದವರನ್ನು ಕೇಳಿದ್ದೇನೆ. ಮಾಂಸ ನೋಡೋಕೆ ಹೇಗಿದೆ ಅನ್ನುವುದಕ್ಕಿಂತ ಅದು ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ಇತ್ತು ಅನ್ನುವುದೇ ಹೆಚ್ಚು ಮುಖ್ಯ ಎಂದು ನನಗೆ ಖಾತ್ರಿಯಾಗಿದೆ. ನಾನು ಬಳಸುವ ಆ್ಯಪ್ ಹೇಳದೇ ಇರುವುದು ಅದನ್ನೇ.

ಹೆಚ್ಚಿನವರ ದೂರು ಶುರುವಾಗುವುದು ಬಣ್ಣದಿಂದ. ಕೋಳಿ ಕಾಲಿನ ಫೋಟೊ ಹಾಕಿ, ಮೂಳೆ ಪಕ್ಕದ ಕೆಂಪನ್ನು ತೋರಿಸಿ, "ಹಸಿ ಮಾಂಸ ಕಳಿಸಿದ್ದಾರೆ" ಎಂದು ಬರೆದಿರುತ್ತಾರೆ. ನಮಗೂ ಅಂಥ ಕಾಲು ಬಂದಿದೆ. ಮಾಂಸ ಮೂಳೆಯಿಂದ ಸಲೀಸಾಗಿ ಬಿಟ್ಟುಕೊಳ್ಳುತ್ತಿತ್ತು, ಎಳೆದರೆ ಎಳೆಎಳೆಯಾಗಿ ಬರುತ್ತಿತ್ತು. ಆದರೆ ಮೂಳೆ ಮಾತ್ರ ಕಡುಗೆಂಪು, ಅದಕ್ಕೆ ಅಂಟಿಕೊಂಡ ಪದರವೂ ಕೆಂಪು. ಬ್ರಾಯ್ಲರ್ ಕೋಳಿಯನ್ನು ಸಾಮಾನ್ಯವಾಗಿ ಸುಮಾರು 6 ವಾರಕ್ಕೇ ಕೊಯ್ಯುತ್ತಾರೆ. ಅಷ್ಟರಲ್ಲಿ ಅದರ ಮೂಳೆ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಬೇಯುವಾಗ ಒಳಗಿನ ಮಜ್ಜೆಯ ಬಣ್ಣ ಜಿನುಗಿ ಸುತ್ತಲಿನ ಮಾಂಸಕ್ಕೆ ಹಿಡಿಯುತ್ತದೆ, ಫ್ರೀಜ್ ಮಾಡಿದ ಕೋಳಿಯಾದರೆ ಇನ್ನೂ ಜಾಸ್ತಿ. ದಪ್ಪ ಭಾಗದ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದರೆ ಆ ಕೋಳಿ ಬೆಂದಿದೆ, ಬಣ್ಣ ಯಾವುದೇ ಇರಲಿ. ಇದರ ಉಲ್ಟಾ ಕೂಡ ಆಗುತ್ತದೆ, ಅಪಾಯ ಇರುವುದು ಅಲ್ಲಿ: ಕೀಮಾ ಕೆಲವೊಮ್ಮೆ ಸಾಕಷ್ಟು ಬಿಸಿಯಾಗುವ ಮೊದಲೇ ಒಳಗೆಲ್ಲ ಕಂದು ಬಣ್ಣಕ್ಕೆ ತಿರುಗಿಬಿಡುತ್ತದೆ. ಕೆಂಪು ಕಂಡು ಎಸೆಯುವವರು, ಕಂದು ಕಂಡು ನಿಶ್ಚಿಂತೆಯಿಂದ ತಿನ್ನುವವರು, ಇಬ್ಬರಿಗೂ ಕಣ್ಣು ಸರಿಯಾದ ಉತ್ತರ ಕೊಡುವುದಿಲ್ಲ.

ಮೂಗಿನ ಕತೆಯೂ ಹೆಚ್ಚು ಕಡಿಮೆ ಹೀಗೆಯೇ. ನಾತ ಬಂದರೆ, ಲೋಳೆ ಹಿಡಿದಿದ್ದರೆ ಎಸೆಯಿರಿ, ಅದರಲ್ಲಿ ಎರಡನೇ ಮಾತಿಲ್ಲ. ಆದರೆ ಮಾಂಸವನ್ನು ಹಳಸಿಸುವ ಬ್ಯಾಕ್ಟೀರಿಯಾ ಬೇರೆ, ನಮ್ಮನ್ನು ಮಲಗಿಸುವ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ನಂಥವು ಬೇರೆ. ಘಮಘಮ ಅನ್ನುವ ಗ್ರೇವಿಯಲ್ಲೂ ಅವು ಇರಬಹುದು. ಇನ್ನು ಕರಿದ ಚಿಕನ್‌ನಲ್ಲಿ ಬರುವ ಕಮಟು ವಾಸನೆ ಬಹಳ ಸಲ ಮಾಂಸದ್ದಲ್ಲ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯದು. ಅದೂ ದೂರು ಕೊಡಬೇಕಾದ ವಿಷಯವೇ, ಆದರೆ ಎಣ್ಣೆಯ ಬಗ್ಗೆ ಎಂದು ಸ್ಪಷ್ಟವಾಗಿ ಬರೆದರೆ ಅಡುಗೆಯವರಿಗೂ ಏನು ತಿದ್ದಿಕೊಳ್ಳಬೇಕು ಅನ್ನುವುದು ತಿಳಿಯುತ್ತದೆ.

ಈ ಗೊಂದಲ ಸಾಕೆನಿಸಿ ಚೂಪು ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಒಂದನ್ನು ತಂದಿಟ್ಟುಕೊಂಡೆ. ಪಾರ್ಸೆಲ್ ತರಿಸುವವರು ಕೊಳ್ಳಬಹುದಾದ ಅತಿ ಉಪಯುಕ್ತ ವಸ್ತು ಇದೇ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ. ಒಂದು ಲೋಟದ ತುಂಬ ಐಸ್ ತುಂಡು ಹಾಕಿ, ಸ್ವಲ್ಪ ನೀರು ಬೆರೆಸಿ, ಕಡ್ಡಿ ಅದ್ದಿದರೆ 0 ಡಿಗ್ರಿಯ ಆಸುಪಾಸು ತೋರಿಸಬೇಕು. ಅಷ್ಟು ನೋಡಿಕೊಂಡರೆ ಸಾಧನ ಸರಿಯಿದೆಯೋ ಇಲ್ಲವೋ ಗೊತ್ತಾಗುತ್ತದೆ. ಪಾರ್ಸೆಲ್ ಬಂದ ಕೂಡಲೇ ದಪ್ಪ ತುಂಡಿನ ನಡುವಿಗೆ, ಮೂಳೆಗೆ ತಗಲದ ಹಾಗೆ ಚುಚ್ಚುತ್ತೇನೆ. ಆಗ ಸಿಗುವುದು ಮನೆಗೆ ಬಂದಾಗಿನ ಬಿಸಿ. ಅಡುಗೆಮನೆಯಲ್ಲಿ ಎಷ್ಟು ಬೆಂದಿತ್ತು ಅನ್ನುವುದನ್ನು ಅದು ಹೇಳಲಾರದು. ಆದರೂ ಅದೇ ದೊಡ್ಡ ಸುಳಿವು, ಯಾಕೆಂದರೆ 5ರಿಂದ 60 ಡಿಗ್ರಿ ನಡುವಿನ ಬಿಸಿಯಲ್ಲೇ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವುದು. ಬೆಂದ ಮಾಂಸ ಆ ಮಟ್ಟದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಸುತ್ತಲಿನ ವಾತಾವರಣವೇ 32 ಡಿಗ್ರಿ ದಾಟಿದ್ದರೆ ಒಂದು ಗಂಟೆಗಿಂತ ಹೆಚ್ಚು ಇರಬಾರದು.

ನನ್ನ ಅನುಭವದಲ್ಲಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತುಂಬ ಗ್ರೇವಿ ಇದ್ದರೆ ಬಿಸಿ ಚೆನ್ನಾಗಿ ಉಳಿದಿರುತ್ತದೆ, 60ರ ಮೇಲೆಯೇ ತೋರಿಸುತ್ತದೆ. ಕರಿದದ್ದು, ಸುಟ್ಟದ್ದು ಬೇಗ ತಣಿಯುತ್ತವೆ, ಗರಿಗರಿ ಉಳಿಯಲಿ ಅಂತ ಆ ಡಬ್ಬಿಗೆ ತೂತು ಬಿಟ್ಟಿರುತ್ತಾರೆ. ಅದರಲ್ಲಿ ತಪ್ಪಿಲ್ಲ. ಈಗಷ್ಟೇ ಕರಿದು ತಂದದ್ದಾದರೆ 50 ಡಿಗ್ರಿ ಇದ್ದರೂ ತಿನ್ನುತ್ತೇವೆ. ನನಗೆ ಭಯ ಹುಟ್ಟಿಸುವುದು ಉಗುರುಬೆಚ್ಚಗೆ ಬಂದ ಗ್ರೇವಿ. ದಾರಿ ಹತ್ತಿರದ್ದು, ಡೆಲಿವರಿ ಹುಡುಗ ಹೊತ್ತಿಗೆ ಸರಿಯಾಗಿ ಬಂದಿದ್ದಾನೆ, ಡಬ್ಬಿ ಭದ್ರವಾಗಿದೆ, ಆದರೂ ಒಳಗೆ 40 ಡಿಗ್ರಿ ಅಂದರೆ ಅದು ಅಡುಗೆಮನೆಯಿಂದ ಹೊರಟದ್ದೇ ಹಾಗೆ. ಎಷ್ಟು ಹೊತ್ತಿನಿಂದ ಹಾಗಿತ್ತು ಅನ್ನುವುದು ಯಾರಿಗೆ ಗೊತ್ತು?

ಇಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ವಿಷಯ ಹೇಳಲೇಬೇಕು. ದೊಡ್ಡ ಪಾತ್ರೆಯಲ್ಲಿ ಮಾಡುವ ಮಾಂಸದಡುಗೆಗೂ ಅದಕ್ಕೂ ಹಳೆಯ ನಂಟು. ಅದರ ಬೀಜಾಣುಗಳು (ಸ್ಪೋರ್, ಅಂದರೆ ಗಟ್ಟಿ ಹೊದಿಕೆಯೊಳಗೆ ಸುಮ್ಮನೆ ಕೂತಿರುವ ರೂಪ) ಕುದಿಯುವ ಬಿಸಿಯನ್ನೂ ತಡೆದುಕೊಂಡು ಉಳಿಯುತ್ತವೆ. ಪಾತ್ರೆ ನಿಧಾನವಾಗಿ ಆರುತ್ತಾ 43–47 ಡಿಗ್ರಿಗೆ ಬಂದಾಗ ಅವಕ್ಕೆ ಸುಗ್ಗಿ. ಅನುಕೂಲ ಸಿಕ್ಕರೆ ಹತ್ತು ನಿಮಿಷದ ಆಸುಪಾಸಿನಲ್ಲೇ ದುಪ್ಪಟ್ಟಾಗುತ್ತವೆ. ತಿಂದು 6ರಿಂದ 24 ಗಂಟೆಯೊಳಗೆ ಹೊಟ್ಟೆ ಹಿಂಡಿ ಭೇದಿ ಶುರು. ಮಾಂಸ ತಾಜಾ ಆಗಿತ್ತು, ಚೆನ್ನಾಗಿ ಬೆಂದಿತ್ತು, ರುಚಿಯಾಗಿತ್ತು, ಆದರೂ ಹೀಗಾಗುತ್ತದೆ, ಕೆಟ್ಟದ್ದು ಬೇಯಿಸಿದ ಮೇಲಿನ ಹೊತ್ತಿನಲ್ಲಿ. ಅದಕ್ಕೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ (ಎಫ್‌ಡಿಎ) ಫುಡ್ ಕೋಡ್‌ನಂಥ ನಿಯಮಗಳು ಬೆಂದ ಆಹಾರವನ್ನು ಆರಿಸಲು ಗಡುವು ಹಾಕಿವೆ: 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಒಟ್ಟು ಆರು ಗಂಟೆಯೊಳಗೆ ಇಳಿಸಬೇಕು. ದೊಡ್ಡ ಹಂಡೆಯನ್ನು ಹಾಗೇ ಒಂದು ಮೂಲೆಯಲ್ಲಿಟ್ಟರೆ ಈ ಗಡುವಿಗೆ ಆರುವುದೇ ಇಲ್ಲ. ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಸುರಿದು ಆರಿಸಬೇಕು.

"ಮನೆಯಲ್ಲಿ ಇನ್ನೊಂದು ಸಲ ಕುದಿಸಿಬಿಟ್ಟರೆ ಆಯ್ತಲ್ಲ" ಎಂದು ಹಲವರು ಹೇಳುತ್ತಾರೆ. 74 ಡಿಗ್ರಿಗೆ ಬಿಸಿ ಮಾಡುವುದು ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ಸ್ಟಾಫಿಲೊಕಾಕಸ್ ಆರಿಯಸ್ ಆಹಾರದಲ್ಲಿ ಬಿಟ್ಟುಹೋಗುವ ವಿಷ ಕುದಿಸಿದರೂ ನಾಶವಾಗುವುದಿಲ್ಲ. ಅದು ಮನುಷ್ಯರ ಕೈ, ಮೂಗಿನಿಂದಲೇ ಆಹಾರ ಸೇರುವ ಬ್ಯಾಕ್ಟೀರಿಯಾ. ಬೇಯಿಸಿದ ಮೇಲೆ ಮೂಳೆ ಬಿಡಿಸಿ, ಕೈಯಲ್ಲಿ ಹರಿದು ಹಾಕುವ ಚಿಕನ್ ಇದಕ್ಕೆ ಸುಲಭದ ತುತ್ತು. ಬಹಳ ಹೊತ್ತು ಬೆಚ್ಚಗೆ ಇದ್ದದ್ದನ್ನು ಮತ್ತೆ ಕುದಿಸಿ ಉಳಿಸಿಕೊಳ್ಳಲು ನಾನು ಹೋಗುವುದಿಲ್ಲ. ದುಡ್ಡು ಹೋದರೂ ಪರವಾಗಿಲ್ಲ ಅಂತ ಎಸೆಯುತ್ತೇನೆ, ಹಾಗೆ ಎಸೆಯುವಾಗ ಪ್ರತಿ ಸಲವೂ ಸಂಕಟವಾಗುತ್ತದೆ.

ಇನ್ನು ಮಾಂಸದ ಗುಣಮಟ್ಟ. ಒಮ್ಮೆ ಬಂದ ಚಿಕನ್ ಎದೆಭಾಗ ಈಗಲೂ ನೆನಪಿದೆ. ತುಂಡಿನ ಉದ್ದಕ್ಕೂ ನಾರಿನ ಜೊತೆಗೇ ಸಾಗುವ ಬಿಳಿ ಗೆರೆಗಳು. ಒತ್ತಿದರೆ ಬೆರಳಿಗೆ ಗಟ್ಟಿ, ಜಗಿದರೆ ಬೆಂದಿದ್ದರೂ ಹಲ್ಲಿಗೆ ಕರುಕರು. ಮನೆಯವರೆಲ್ಲ ಹಳೇ ಮಾಂಸ ಅಂದರು. ಹಳೆಯದಾಗಿರಬೇಕಿಲ್ಲ. ಎದೆಭಾಗ ದೊಡ್ಡದಾಗಲಿ, ಬೇಗ ಬೆಳೆಯಲಿ ಎಂದು ರೂಪಿಸಿದ ತಳಿಗಳ ಸ್ನಾಯುವಿನಲ್ಲೇ ಬರುವ ದೋಷ ಇದು, ಬಿಳಿ ಗೆರೆಯದಕ್ಕೆ ವೈಟ್ ಸ್ಟ್ರೈಪಿಂಗ್, ಗಟ್ಟಿಯಾದದ್ದಕ್ಕೆ ವುಡಿ ಬ್ರೆಸ್ಟ್ ಎನ್ನುತ್ತಾರೆ. ತಿಂದರೆ ಕಾಯಿಲೆ ಬರುವುದಿಲ್ಲ, ಆದರೆ ಕೊಟ್ಟ ಹಣಕ್ಕೆ ಅದು ನ್ಯಾಯವಲ್ಲ. ಇದಕ್ಕೆ ವಿರುದ್ಧವಾದದ್ದೂ ಇದೆ: ರಬ್ಬರಿನಂತೆ ಪುಟಿಯುವ, ಎಲ್ಲ ಕಡೆ ಒಂದೇ ಹದದ, ಒತ್ತಿದರೆ ನೀರು ಬಿಡುವ ಚಿಕನ್. ಉಪ್ಪು, ಫಾಸ್ಫೇಟ್ ಬೆರೆಸಿದ ನೀರನ್ನು ಮಾಂಸಕ್ಕೆ ಸೂಜಿಯಿಂದ ಚುಚ್ಚಿ ತುಂಬಿಸುವುದು, ಇಲ್ಲವೇ ಡ್ರಮ್ಮಿನಲ್ಲಿ ಹಾಕಿ ಉರುಳಿಸಿ ಹೀರಿಸುವುದು ಕೈಗಾರಿಕೆಯಲ್ಲಿ ಬಹುಕಾಲದಿಂದ ಇರುವ ಪದ್ಧತಿ. ಮಾಂಸ ಒಣಗುವುದಿಲ್ಲ, ತೂಕವೂ ಏರುತ್ತದೆ. ಪ್ಯಾಕೆಟ್ ಕೊಂಡರೆ ಹಿಂದೆ ಪದಾರ್ಥಗಳ ಪಟ್ಟಿ ಓದಬಹುದು, ಪಾರ್ಸೆಲ್ ಡಬ್ಬಿಯ ಮೇಲೆ ಓದಲು ಏನಿದೆ?

"ಇದು ನಿಜವಾಗಿ ಅದೇ ಪ್ರಾಣಿಯದ್ದಾ" ಎಂಬ ಅನುಮಾನವನ್ನು ವಿನಾಕಾರಣ ಎಂದು ತಳ್ಳಿಹಾಕುವಂತಿಲ್ಲ. 2013ರ ಜನವರಿಯಲ್ಲಿ ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರ ಸೂಪರ್‌ಮಾರ್ಕೆಟ್‌ಗಳ 27 ಬೀಫ್ ಬರ್ಗರ್ ಮಾದರಿಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. 10ರಲ್ಲಿ ಕುದುರೆಯ, 23ರಲ್ಲಿ ಹಂದಿಯ ಡಿಎನ್‌ಎ ಸಿಕ್ಕಿತ್ತು. ಒಂದು ಮಾದರಿಯಲ್ಲಂತೂ ಬೀಫ್ ಪ್ರಮಾಣಕ್ಕೆ ಹೋಲಿಸಿದರೆ ಶೇ 29ರಷ್ಟು ಕುದುರೆ ಮಾಂಸ. ಅದು ಯುರೋಪಿನಾದ್ಯಂತ ಹಗರಣವಾಯಿತು. ತಿಂದವರ ನಾಲಗೆಗೆ ಗೊತ್ತಾಗದ್ದು ಪ್ರಯೋಗಾಲಯದಲ್ಲಿ ಬಯಲಾಯಿತು. ಮಾಂಸ ಅರೆದು, ಮಸಾಲೆ ಬೆರೆಸಿದ ಮೇಲೆ ಮನೆಯಲ್ಲಿ ಕೂತು ಪತ್ತೆ ಹಚ್ಚುವುದು ಆಗದ ಮಾತು, ಅದಕ್ಕೆ ಡಿಎನ್‌ಎ ಪರೀಕ್ಷೆಯೇ ಬೇಕು. ಧರ್ಮದ ಕಾರಣಕ್ಕೋ ಅಲರ್ಜಿಯ ಕಾರಣಕ್ಕೋ ಒಂದು ಮಾಂಸವನ್ನು ಬಿಟ್ಟವರಿಗೆ ಇದು ಸಣ್ಣ ವಿಷಯವಲ್ಲ.

ಕೀಮಾ ಬಗ್ಗೆ ನನಗಿರುವ ಎಚ್ಚರಿಕೆಗೆ ಇನ್ನೂ ಒಂದು ಕಾರಣವಿದೆ. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಮೇಲ್ಮೈಯಲ್ಲಿರುತ್ತದೆ, ಬೆಂಕಿ ಮೊದಲು ತಗಲುವುದೂ ಅಲ್ಲಿಗೇ. ಅರೆದಾಗ ಮೇಲಿನದ್ದೆಲ್ಲ ಒಳಗೆ ಸೇರುತ್ತದೆ. 1993ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಬರ್ಗರ್‌ಗಳಿಂದ ಇ. ಕೊಲಿ ಒ157:ಎಚ್7 ಎಂಬ ಬ್ಯಾಕ್ಟೀರಿಯಾ ಹರಡಿ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ತೀರಿಕೊಂಡರು. ಮರುವರ್ಷವೇ ಅಲ್ಲಿನ ಸರ್ಕಾರ ಅರೆದ ಬೀಫ್‌ನಲ್ಲಿ ಆ ಬ್ಯಾಕ್ಟೀರಿಯಾ ಇದ್ದರೆ ಅದನ್ನು ಕಲಬೆರಕೆ ಎಂದೇ ಪರಿಗಣಿಸುವುದಾಗಿ ಘೋಷಿಸಿತು. ಬೀಫ್, ಮಟನ್ ಕೀಮಾ ಒಳಗೆಲ್ಲ 71 ಡಿಗ್ರಿ ಮುಟ್ಟಬೇಕು ಎನ್ನುವುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ಮಗುವಿಗೆ ಹೊರಗಿನ ಕೀಮಾ ಕೊಡುವುದನ್ನು ನಾನು ನಿಲ್ಲಿಸಿದ್ದೇನೆ, ಎಷ್ಟೇ ಹಟ ಮಾಡಿದರೂ.

ಮಾಹಿತಿಗೆ ಒಂದೇ ಅಂಕ ಯಾಕೆ ಅಂದರೆ, ಆ್ಯಪ್‌ನಲ್ಲಿ ದೂರು ಕೊಡುವ ಜಾಗದಲ್ಲಿ "ಐಟಂ ಬಂದಿಲ್ಲ", "ಚೆಲ್ಲಿದೆ", "ಗುಣಮಟ್ಟ ಚೆನ್ನಾಗಿಲ್ಲ" ಎಂಬ ಆಯ್ಕೆಗಳಷ್ಟೇ ಇವೆ. ಉಗುರುಬೆಚ್ಚಗಿನ ಗ್ರೇವಿಯ ಬಗ್ಗೆ ಥರ್ಮಾಮೀಟರ್ ಫೋಟೊ ಸಮೇತ ಬರೆದೆ. ಕೂಡಲೇ ಹಣ ವಾಪಸ್ ಬಂತು, ಕ್ಷಮೆಯೂ ಬಂತು. ಅದನ್ನು ಯಾವಾಗ ಬೇಯಿಸಿದ್ದು, ಎಲ್ಲಿ ಇಟ್ಟಿದ್ದು ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಹಣ ಕೊಟ್ಟು ಬಾಯಿ ಮುಚ್ಚಿಸುವ ಈ ಪದ್ಧತಿಯಿಂದ ಅಡುಗೆಮನೆಯಲ್ಲಿ ಏನೂ ಬದಲಾಗುವುದಿಲ್ಲ, ಅದೇ ಹಂಡೆಯಿಂದ ಪಕ್ಕದ ಮನೆಗೂ ಹೋಗಿರುತ್ತದೆ. ಕೂತು ತಿನ್ನುವ ಜಾಗವಿಲ್ಲದೆ ಪಾರ್ಸೆಲ್‌ಗಾಗಿಯೇ ನಡೆಯುವ ಕ್ಲೌಡ್ ಕಿಚನ್‌ಗಳ ಸಮಸ್ಯೆ ಇನ್ನೊಂದು: ಒಂದೇ ಅಡುಗೆಮನೆ ನಾಲ್ಕಾರು ಹೆಸರಲ್ಲಿ ಮಾರಬಹುದು. ಒಂದು ಹೆಸರು ಬಿಟ್ಟು ಇನ್ನೊಂದಕ್ಕೆ ಹೋದೆವು ಅಂದುಕೊಳ್ಳುತ್ತೇವೆ, ಬರುವುದು ಅದೇ ಒಲೆಯಿಂದ. ವಿವರಗಳಲ್ಲಿ ಕೊಟ್ಟಿರುವ ವಿಳಾಸ, ಪರವಾನಗಿ ಸಂಖ್ಯೆ ಹೋಲಿಸಿ ನೋಡಿದರೆ ತಿಳಿಯುತ್ತದೆ.

ಒಳ್ಳೆಯವರೂ ಇದ್ದಾರೆ, ಅವರಿಂದಲೇ ಈ ಸೇವೆಗೆ ಮೂರು ಅಂಕ. ಒಂದು ಅಡುಗೆಮನೆಗೆ ನೇರವಾಗಿ ಫೋನ್ ಮಾಡಿ, "ಇವತ್ತಿನ ಮಟನ್ ಯಾವಾಗ ಬಂದಿದ್ದಣ್ಣಾ?" ಅಂತ ಕೇಳಿದೆ. "ಬೆಳಗ್ಗೆ ಬಂದಿದ್ದು ಮೇಡಂ. ಹಸಿ ಉಳಿದ್ರೆ ಅವತ್ತೇ ತಾರೀಖು ಬರೆದು ಫ್ರೀಜರ್‌ಗೆ ಹಾಕ್ತೀವಿ. ಮಾಡಿರೋ ಗ್ರೇವಿ ಉಳಿದ್ರೆ ರಾತ್ರಿನೇ ಚೆಲ್ತೀವಿ, ಇಡಲ್ಲ" ಅಂದರು. ತಡವರಿಸಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಫ್ರೀಜರ್ ಅಂದ ಕೂಡಲೇ ಮುಖ ಸಿಂಡರಿಸುವವರಿಗೆ ಒಂದು ಮಾತು: ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಫ್ರೀಜ್ ಮಾಡಿದ್ದು ಕಳಪೆ ಅಲ್ಲ, ಹೊರಗಿಟ್ಟು ಕರಗಿಸಿ ಮತ್ತೆ ಒಳಗೆ ಹಾಕುವುದು ಕಳಪೆ. ಆ ಫೋನ್ ಮಾತಿನ ನಂತರ ಮಟನ್ ತರಿಸುವುದು ಹೆಚ್ಚಾಗಿ ಅವರಿಂದಲೇ. ಅಮ್ಮನಿಗೂ ಧೈರ್ಯವಾಗಿ ಬಡಿಸುತ್ತೇನೆ.

ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಆದರೆ ಕೊನೆಯ ಪಾರ್ಸೆಲ್ ಮೇಲೆಯೇ ಆರೋಪ ಹೊರಿಸಬೇಡಿ. ಕ್ಯಾಂಪಿಲೊಬ್ಯಾಕ್ಟರ್ ಸೋಂಕು ಕಾಣಿಸಿಕೊಳ್ಳಲು ಸಾಮಾನ್ಯವಾಗಿ 2ರಿಂದ 5 ದಿನ, ಸಾಲ್ಮೊನೆಲ್ಲಾಗೆ 6 ಗಂಟೆಯಿಂದ 6 ದಿನದವರೆಗೂ ಬೇಕಾಗಬಹುದು. ಹಿಂದಿನ ದಿನಗಳಲ್ಲಿ ಏನೇನು ತಿಂದಿರಿ ಎಂದು ನೆನಪಿರುವಾಗಲೇ ಬರೆದಿಡಿ. ರಕ್ತಭೇದಿ, ಬಿಡದ ಜ್ವರ, ಮೂತ್ರ ಕಡಿಮೆಯಾಗುವುದು ಕಂಡರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಉಳಿದ ಆಹಾರವಿದ್ದರೆ ಎಸೆಯಬೇಡಿ. ಅದೇ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಯಾರೂ ತಿನ್ನದಂತೆ ಚೀಟಿ ಅಂಟಿಸಿ ಫ್ರಿಜ್‌ನಲ್ಲಿಟ್ಟು, ಬಿಲ್ ಜೊತೆಗೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಆ್ಯಪ್‌ನವರು ಹಣ ವಾಪಸ್ ಕೊಟ್ಟಿದ್ದರೂ ಕೊಡಿ.