ತೂಕದ ಚೀಟಿಗೆ ಯಾವ ಕೀ: ಮೂರು ಬಗೆಗಳ ಹೋಲಿಕೆ

ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದರ ತೂಕದ ಚೀಟಿಗಳು ಬಂದು ಸೇರುವ ಮೈಎಸ್‌ಕ್ಯುಎಲ್ ಡೇಟಾಬೇಸನ್ನು ನಾನು ನೋಡಿಕೊಳ್ಳುತ್ತೇನೆ. ಜಗಳೂರು ಮತ್ತು ಚಳ್ಳಕೆರೆಯ ಶಾಖೆಗಳಲ್ಲಿ ಇಂಟರ್ನೆಟ್ ಇಲ್ಲದ ಹೊತ್ತಿನಲ್ಲೂ ತೂಕ ನಿಲ್ಲುವಂತಿಲ್ಲವಾದ್ದರಿಂದ, ಚೀಟಿಗಳು ಅಲ್ಲಿನ ಕಂಪ್ಯೂಟರಿನಲ್ಲಿಯೇ ತಯಾರಾಗಿ, ಸಂಪರ್ಕ ದೊರೆತಾಗ ಒಟ್ಟಾಗಿ ಇಲ್ಲಿಗೆ ಬರುತ್ತವೆ. ಸುಗ್ಗಿಯಲ್ಲಿ ಆವಕ ಏರಿದಂತೆಲ್ಲ ಇನ್ಸರ್ಟ್ (ಹೊಸ ಸಾಲು ಸೇರಿಸುವುದು) ನಿಧಾನವಾಗುತ್ತಿದ್ದುದರಿಂದ, ಹಳೆಯ ಚೀಟಿಗಳ ಪ್ರತಿಯನ್ನು ಪರೀಕ್ಷೆಯ ಸರ್ವರಿಗೆ ತುಂಬುತ್ತ ಮೂರು ಬಗೆಯ ಪ್ರೈಮರಿ ಕೀಗಳನ್ನು, ಅಂದರೆ ಪ್ರತಿ ಸಾಲಿಗೂ ಬೇರೆಬೇರೆಯಾಗಿಯೇ ಇರಬೇಕಾದ ಗುರುತುಗಳನ್ನು, ಹೋಲಿಸಿದೆ.

ವೇಗವೊಂದನ್ನೇ ನೋಡಿದರೆ ತಾನಾಗಿಯೇ ಏರುತ್ತ ಹೋಗುವ 8 ಬೈಟಿನ ಆಟೋ ಇಂಕ್ರಿಮೆಂಟ್ ಸಂಖ್ಯೆಗೆ ಸಾಟಿಯಿಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ಡೇಟಾ ಇಡುವ ಭಾಗವಾದ ಇನ್ನೋಡಿಬಿಯು ಟೇಬಲಿನ ಸಾಲುಗಳನ್ನೇ ಪ್ರೈಮರಿ ಕೀ ಕ್ರಮದಲ್ಲಿ 16 ಕೆಬಿ ಪುಟಗಳಲ್ಲಿ ಜೋಡಿಸಿಡುತ್ತದೆ. ಏರುತ್ತ ಹೋಗುವ ಸಂಖ್ಯೆಯು ಯಾವಾಗಲೂ ಕೊನೆಯ ಪುಟಕ್ಕೇ ಬೀಳುವುದರಿಂದ ಪುಟಗಳು ಹದಿನಾರರಲ್ಲಿ ಹದಿನೈದು ಪಾಲು ತುಂಬಿದ ಮೇಲೆಯೇ ಹೊಸ ಪುಟ ತೆರೆಯುತ್ತದೆ. ಆದರೆ ಸಂಖ್ಯೆ ಕೊಡುವವನು ಸರ್ವರ್. ಸಂಪರ್ಕವಿಲ್ಲದ ಜಗಳೂರಿನಲ್ಲಿ ಆ ಸಂಖ್ಯೆ ಸಿಗುವುದಿಲ್ಲ. ಶಾಖೆಗೊಂದು ಸಂಖ್ಯಾಸರಣಿ ಹಂಚಿಕೊಡುವ ಉಪಾಯವೂ ಇದೆ. ಶಾಖೆಗಳು ಹೆಚ್ಚಿದಂತೆ ಆ ಹಂಚಿಕೆಯ ಲೆಕ್ಕವನ್ನು ಕಾಯುವುದೇ ಬೇರೊಂದು ಕೆಲಸವಾಗುತ್ತದೆ.

ಯಾದೃಚ್ಛಿಕ ಯುಯುಐಡಿ (ಸರ್ವರನ್ನು ಕೇಳದೆಯೇ ಸೃಷ್ಟಿಸಬಹುದಾದ 16 ಬೈಟಿನ ಗುರುತು), ಅಂದರೆ ಅದರ ನಾಲ್ಕನೆಯ ಆವೃತ್ತಿ, ಈ ತೊಡಕನ್ನು ನಿವಾರಿಸುತ್ತದೆ: ಯಾವ ಶಾಖೆಯಲ್ಲಿ ಬೇಕಾದರೂ ಅದನ್ನು ಸೃಷ್ಟಿಸಬಹುದು. ಟೇಬಲು ಪೂರ್ತಿಯಾಗಿ ಬಫರ್ ಪೂಲಿನಲ್ಲಿ (ಪುಟಗಳನ್ನು ಇಟ್ಟುಕೊಳ್ಳುವ ಮೆಮೊರಿಯಲ್ಲಿ) ಹಿಡಿಯುವವರೆಗೆ ನನ್ನ ಪರೀಕ್ಷೆಯಲ್ಲಿ ವ್ಯತ್ಯಾಸ ಅಲ್ಪವೇ ಇತ್ತು. ಅದನ್ನು ಮೀರಿದ ಮೇಲೆ, ಪ್ರತಿ ಚೀಟಿಯೂ ಖಾತೆ ಪುಸ್ತಕದ ನಡುವಿನ ಯಾವುದೋ ಹಾಳೆಯನ್ನು ಹುಡುಕಿ ಬರೆಸಿಕೊಳ್ಳುವಂತಾಗಿ, ಡಿಸ್ಕಿನಿಂದ ಪುಟ ಓದುವುದು, ತುಂಬಿದ ಪುಟವನ್ನು ಸೀಳುವುದು ಮುಗಿಯದ ಕೆಲಸವಾಯಿತು. ಇದನ್ನೇ 36 ಅಕ್ಷರಗಳ ಪಠ್ಯವಾಗಿ ಇಟ್ಟರೆ ಹೊರೆ ಇನ್ನೂ ಹೆಚ್ಚು, ಏಕೆಂದರೆ ಇನ್ನೋಡಿಬಿಯ ಪ್ರತಿಯೊಂದು ಉಪ ಇಂಡೆಕ್ಸೂ (ಬೇರೆ ಕಾಲಮಿನ ಮೂಲಕ ಬೇಗ ಹುಡುಕಲು ಇಡುವ ಪಟ್ಟಿ) ಪ್ರೈಮರಿ ಕೀಯ ಪ್ರತಿಯನ್ನು ಹೊತ್ತಿರುತ್ತದೆ. ನಮ್ಮಲ್ಲಿ ರೈತ, ದಲಾಲ, ದಿನಾಂಕ, ಲಾರಿ ಸಂಖ್ಯೆ ಎಂದು ನಾಲ್ಕು ಉಪ ಇಂಡೆಕ್ಸುಗಳಿವೆ. ಟೇಬಲನ್ನೂ ಸೇರಿಸಿ ಕೀ ಐದು ಕಡೆ ಇರುವುದರಿಂದ, ಒಂದು ಕೋಟಿ ಸಾಲಿಗೆ ಕೀಗಳೇ 8 ಬೈಟಿನಲ್ಲಾದರೆ 40 ಕೋಟಿ ಬೈಟ್, 16 ಬೈಟಿನಲ್ಲಾದರೆ 80 ಕೋಟಿ, ಪಠ್ಯವಾದರೆ 180 ಕೋಟಿ ಬೈಟ್ ನುಂಗುತ್ತವೆ.

ಮೂರನೆಯದು ಕಾಲಕ್ರಮದ ಯುಯುಐಡಿ. 2024ರ ಮೇ ತಿಂಗಳಲ್ಲಿ ಪ್ರಕಟವಾದ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 9562ರಲ್ಲಿ ಸೇರಿದ ಏಳನೆಯ ಆವೃತ್ತಿಯಲ್ಲಿ ಮೊದಲ 48 ಬಿಟ್‌ಗಳು ಮಿಲಿಸೆಕೆಂಡಿನ ಸಮಯವನ್ನು ಹಿಡಿದಿರುತ್ತವೆ. ಶಾಖೆಯ ಪ್ರೋಗ್ರಾಮಿನಲ್ಲಿ ಇದನ್ನು ಸೃಷ್ಟಿಸಿ 16 ಬೈಟಿನ ಬೈನರಿ ಕಾಲಮಿನಲ್ಲಿ ಇಟ್ಟಾಗ, ವೇಗವು ಆಟೋ ಇಂಕ್ರಿಮೆಂಟಿಗಿಂತ ಸ್ವಲ್ಪವೇ ಹಿಂದೆ ಉಳಿಯಿತು, ಟೇಬಲು ಬೆಳೆದಂತೆ ಕಂಡಿದ್ದ ಕುಸಿತ ಕಾಣಲಿಲ್ಲ. ಚಳ್ಳಕೆರೆಯ ಬೆಳಗಿನ ಚೀಟಿಗಳು ಸಂಜೆ ತಡವಾಗಿ ಬಂದರೆ ಕೊನೆಯ ಪುಟಕ್ಕೆ ಬೀಳುವುದಿಲ್ಲ ಎಂಬುದು ನಿಜ; ಆದರೂ ಅವೆಲ್ಲ ಆ ಬೆಳಗಿನ ಅಕ್ಕಪಕ್ಕದ ಪುಟಗಳಿಗೇ ಸೇರುವುದರಿಂದ, ಮತ್ತು ಆ ಪುಟಗಳು ಸಾಮಾನ್ಯವಾಗಿ ಇನ್ನೂ ಮೆಮೊರಿಯಲ್ಲಿಯೇ ಇರುವುದರಿಂದ, ನಷ್ಟ ಕಾಣಿಸಲಿಲ್ಲ. ಗಡಿಯಾರ ತಪ್ಪಿದ ಕಂಪ್ಯೂಟರಿನಿಂದ ಬಂದ ಕೀಯೂ, ಉಳಿದ ಬಿಟ್‌ಗಳು ಯಾದೃಚ್ಛಿಕವಾಗಿರುವ ಕಾರಣ, ಇನ್ನೊಂದಕ್ಕೆ ಡಿಕ್ಕಿ ಹೊಡೆಯುವುದಿಲ್ಲ, ಕ್ರಮ ಮಾತ್ರ ಕೆಡುತ್ತದೆ. ಹಾಗಾಗಿ ತೂಕದ ಸಮಯವನ್ನು ಕೀಯಿಂದ ಓದದೆ ಬೇರೆ ಕಾಲಮಿನಲ್ಲಿಯೇ ಇಡಬೇಕು.

ಲಾರಿ ಸಂಖ್ಯೆಯ ಇಂಡೆಕ್ಸಿನಲ್ಲಿ ಹೊಸ ಸಾಲು ಮೊದಲಿನಂತೆ ಎಲ್ಲೆಂದರಲ್ಲಿಯೇ ಬೀಳುತ್ತದೆ, ಕೀ ಬದಲಿಸಿದ್ದರಿಂದ ಅದು ಸುಧಾರಿಸದು. ಯಾರೂ ಬಳಸದ ಇಂಡೆಕ್ಸನ್ನು ತೆಗೆದುಹಾಕುವುದೂ ಈ ಕೆಲಸದ ಭಾಗವೇ.

ಬೇರೆ ಡೇಟಾಬೇಸುಗಳಲ್ಲಿ ತೀರ್ಮಾನ ಬೇರೆಯಾಗಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಸಾಲುಗಳು ಕೀ ಕ್ರಮದಲ್ಲಿ ಇರುವುದಿಲ್ಲವಾದ್ದರಿಂದ ಪೆಟ್ಟು ಬೀಳುವುದು ಇಂಡೆಕ್ಸಿಗೆ ಮತ್ತು ಬದಲಾವಣೆಗಳನ್ನು ಬರೆದಿಡುವ ಲಾಗಿಗೆ. ಪೋಸ್ಟ್‌ಗ್ರೆಸ್‌ನ 18ನೆಯ ಆವೃತ್ತಿಯಲ್ಲಿ ಏಳನೆಯ ಆವೃತ್ತಿಯ ಯುಯುಐಡಿ ಕೊಡುವ ಫಂಕ್ಷನ್ನೇ ಇದೆ. ಎಸ್‌ಕ್ಯುಎಲ್ ಸರ್ವರ್ 2005ರಲ್ಲಿ ಬಂದ, ಏರುವ ಕ್ರಮದ ಗುರುತು ಕೊಡುವ ಫಂಕ್ಷನ್ನಾದ ನ್ಯೂಸೀಕ್ವೆನ್ಶಿಯಲ್‌ಐಡಿಯು ಕಾಲಮಿನ ಡೀಫಾಲ್ಟ್ ಆಗಿ ಮಾತ್ರ ಕೆಲಸ ಮಾಡುತ್ತದೆ, ಅಂದರೆ ಕೀ ಹುಟ್ಟುವುದು ಸರ್ವರಿನಲ್ಲಿಯೇ. ಅಲ್ಲದೆ ಎಸ್‌ಕ್ಯುಎಲ್ ಸರ್ವರಿನಲ್ಲಿ ಯುಯುಐಡಿ ಇಡುವ ಯುನೀಕ್‌ಐಡೆಂಟಿಫೈಯರ್ ಕಾಲಮು ಕೊನೆಯ 6 ಬೈಟ್‌ಗಳನ್ನು ಮೊದಲು ಹೋಲಿಸುವುದರಿಂದ, ಏಳನೆಯ ಆವೃತ್ತಿಯನ್ನು ಹಾಗೆಯೇ ಅದಕ್ಕೆ ಹಾಕಿದರೆ ಯಾದೃಚ್ಛಿಕ ಕೀಗೆ ಹಾಕಿದಂತೆಯೇ ಆಗುತ್ತದೆ.

ಒಂದೊಂದು ಚೀಟಿಗೂ ಕಮಿಟ್ (ಬರೆದದ್ದನ್ನು ಕಾಯಂಗೊಳಿಸುವುದು) ಮಾಡುವುದನ್ನು ಬಿಟ್ಟು ನೂರಾರು ಚೀಟಿಗಳಿಗೆ ಒಂದು ಕಮಿಟ್ ಮಾಡಿದಾಗ ಸಿಕ್ಕ ಲಾಭವು, ಡಿಸ್ಕಿಗೆ ಲಾಗ್ ಬರೆಯಲು ಕಾಯುವ ಸಮಯ ಉಳಿದದ್ದರಿಂದ, ಕೀ ಬದಲಾವಣೆಯ ಲಾಭಕ್ಕಿಂತ ದೊಡ್ಡದಾಗಿತ್ತು. ಕರೆಂಟು ಹೋಗಿ ಕಂತು ಅರ್ಧಕ್ಕೆ ನಿಂತರೆ ಅದನ್ನು ಪೂರ್ತಿ ಮತ್ತೆ ಕಳಿಸಬೇಕಾಗುತ್ತದೆ. ಕೀ ಶಾಖೆಯಲ್ಲಿಯೇ ಹುಟ್ಟಿರುವುದರಿಂದ ಮೊದಲೇ ಸೇರಿದ ಚೀಟಿ ಎರಡನೆಯ ಬಾರಿ ಸೇರುವುದಿಲ್ಲ. ನಾನು ಏಳನೆಯ ಆವೃತ್ತಿಯನ್ನು ಆರಿಸಿದ್ದು ಮುಖ್ಯವಾಗಿ ಇದಕ್ಕಾಗಿ. ದಲಾಲರು ಫೋನಿನಲ್ಲಿ ಓದಿ ಹೇಳಲೆಂದು ಶಾಖೆಯ ಹೆಸರಿನೊಡನೆ ಒಂದು ಸಣ್ಣ ಚೀಟಿ ಸಂಖ್ಯೆಯನ್ನು ಬೇರೆಯಾಗಿ ಮುದ್ರಿಸುತ್ತೇವೆ.