ಎಲ್‌ಎಫ್‌ಪಿಯೋ ಎನ್‌ಎಂಸಿಯೋ: ಸ್ಕೂಟರ್ ಬ್ಯಾಟರಿಯ ಆಯ್ಕೆ

ವಿದ್ಯುತ್ ಸ್ಕೂಟರಿಗೆ ಸಿಗುವ ಲಿಥಿಯಂ ಬ್ಯಾಟರಿಗಳಲ್ಲಿ ಎರಡು ಬಗೆ: ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಮತ್ತು ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬೆರೆತದ್ದು). ಮಂಡ್ಯದಿಂದ ಮೈಸೂರಿಗೆ ದಿನವೂ ಸ್ಕೂಟರಿನಲ್ಲಿ ಹೋಗಿಬರುವವರಿಗೆ, ಬ್ಯಾಟರಿ ಬಿಚ್ಚಿ ಮಹಡಿಗೆ ಹೊತ್ತೊಯ್ಯಬೇಕಾದವರಿಗೆ, ಅಷ್ಟೇ ಶಕ್ತಿಗೆ ಹಗುರವಾಗಿರುವ ಎನ್‌ಎಂಸಿ ಅನುಕೂಲ. ಹೆಚ್ಚು ವರ್ಷ ಬಾಳುವುದು ಸಾಮಾನ್ಯವಾಗಿ ಎಲ್‌ಎಫ್‌ಪಿ.

ಸುರಕ್ಷತೆಯನ್ನು ಮಾತ್ರ ನಿಧಾನವಾಗಿ ಯೋಚಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ನಿಂತ ಸ್ಕೂಟರಿನ ಸೀಟೆತ್ತಿದರೆ ಬಿಸಿಗಾಳಿ ಮುಖಕ್ಕೆ ರಾಚುತ್ತದೆ. ಅಂಥ ತಾಪವನ್ನು ಎಲ್‌ಎಫ್‌ಪಿ ಹೆಚ್ಚು ತಾಳಿಕೊಳ್ಳುತ್ತದೆಯಾದ್ದರಿಂದ ಮನೆಯೊಳಗೇ ಚಾರ್ಜ್ ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೂ ಯಾವುದನ್ನೇ ಕೊಂಡರೂ ಬ್ಯಾಟರಿ ತಣಿದ ಮೇಲೆಯೇ, ಹೊರಬಾಗಿಲ ದಾರಿಗೆ ಅಡ್ಡವಾಗದಂತೆ, ಎಚ್ಚರವಿರುವಾಗ ಚಾರ್ಜಿಗಿಡಿ.

ಚಾರ್ಜರ್ ಅದಲುಬದಲು ಮಾಡಲೇಬೇಡಿ: ಎನ್‌ಎಂಸಿ ಬ್ಯಾಟರಿಯೊಳಗಿನ ಒಂದೊಂದು ಕೋಶ (ಸೆಲ್) ಸಾಮಾನ್ಯವಾಗಿ 4.2 ವೋಲ್ಟಿಗೆ ತುಂಬಿದರೆ, ಎಲ್‌ಎಫ್‌ಪಿ ಕೋಶದ ಮಿತಿ 3.65 ವೋಲ್ಟ್. ಉಬ್ಬಿದ ಬ್ಯಾಟರಿ ಯಾವ ಬಗೆಯದಾದರೂ ಚಾರ್ಜಿಗಿಡದೆ ಸೇವಾಕೇಂದ್ರಕ್ಕೆ ತಿಳಿಸಿ.