100 ಫೆಮ್ಟೋಸೆಕೆಂಡ್ ಅಂತ ನಂಬಿ ಕೊಂಡ ಡ್ಯಾಕ್ ಬೋರ್ಡ್: ಕ್ಲಾಕ್ ದಾರಿ ನೋಡದೆ ದುಡ್ಡು ಕೊಡಬೇಡಿ

ಹೈ ಸ್ಪೀಡ್ ಡ್ಯಾಕ್ ಬೋರ್ಡ್ (ಡಿಜಿಟಲ್ ಸಂಖ್ಯೆಗಳನ್ನು ಅನಲಾಗ್ ಅಲೆಯಾಗಿ ಮಾಡುವ ಚಿಪ್ ಇರುವ ಬೋರ್ಡ್) ಕೊಳ್ಳುವ ಯೋಚನೆ ಇದ್ದವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಎರಡು ತಿಂಗಳು ಹಾಳಾಗಿವೆ. ಸಿಟ್ಟು ಇನ್ನೂ ಇಳಿದಿಲ್ಲ.

ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಜಿಟ್ಟರ್ 100 ಫೆಮ್ಟೋಸೆಕೆಂಡ್. ಜಿಟ್ಟರ್ ಅಂದರೆ ಡ್ಯಾಕ್‌ಗೆ ತಾಳ ಹಾಕುವ ಕ್ಲಾಕ್ ಸಿಗ್ನಲ್‌ನ ಅಂಚು ಬರುವ ಸಮಯದ ಅಲುಗಾಟ. 16 ಬಿಟ್ ಡ್ಯಾಕ್, ಸೆಕೆಂಡಿಗೆ 50 ಕೋಟಿ ಸ್ಯಾಂಪಲ್. ನನಗೆ ಬೇಕಿದ್ದದ್ದು 200 ಮೆಗಾಹರ್ಟ್ಸ್‌ನ ಶುದ್ಧ ಸೈನ್ ಅಲೆ. ಲೆಕ್ಕ ಇಷ್ಟೇ: 2 ಪೈ, ಫ್ರೀಕ್ವೆನ್ಸಿ, ಜಿಟ್ಟರ್ ಮೂರನ್ನೂ ಗುಣಿಸಿ ಡೆಸಿಬಲ್‌ಗೆ ಇಳಿಸುವುದು. 100 ಫೆಮ್ಟೋಸೆಕೆಂಡಿಗೆ 78 ಡೆಸಿಬಲ್ ಎಸ್‌ಎನ್‌ಆರ್ (ನಾಯ್ಸ್‌ಗಿಂತ ಸಿಗ್ನಲ್ ಎಷ್ಟು ದೊಡ್ಡದು ಅನ್ನುವ ಅಳತೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು) ಬರುತ್ತದೆ. ಬೇರೆ ನಾಯ್ಸ್ ಎಲ್ಲ ಸೇರಿ 70 ಸಿಕ್ಕಿದ್ದರೂ ನನಗೆ ಸಾಕಿತ್ತು.

ಸಿಕ್ಕಿದ್ದು 38. ಮೂವತ್ತೆಂಟು!

ಸ್ಪೆಕ್ಟ್ರಮ್ ಅನಲೈಜರ್‌ನಲ್ಲಿ ಸೂಜಿಯ ಹಾಗೆ ನಿಲ್ಲಬೇಕಿದ್ದ ಗೆರೆಯ ಬುಡದಲ್ಲಿ ದೊಡ್ಡ ಗುಡ್ಡ ಎದ್ದಿತ್ತು. ಮಾರಿದವರಿಗೆ ಬರೆದೆ. "ಸರ್, ನಿಮ್ಮ ಪವರ್ ಸಪ್ಲೈ ಚೆಕ್ ಮಾಡಿ" ಅಂದರು. ಬದಲಾಯಿಸಿದೆ. "ಕೇಬಲ್ ನೋಡಿ ಸರ್." ಅದನ್ನೂ ಬದಲಾಯಿಸಿದೆ. "ಗ್ರೌಂಡಿಂಗ್ ಸರಿ ಇದೆಯಾ ಸರ್?" ಹೀಗೇ ಮೂರು ವಾರ. ನಾನು ಮರುಮಾತಾಡದೆ ಹೇಳಿದ್ದೆಲ್ಲ ಮಾಡುತ್ತಾ ಹೋದೆ. ತಪ್ಪು ನನ್ನದೇ ಇರಬೇಕು ಅಂತ ನಂಬಿದ್ದೆ. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಆಮೇಲೆ ಮೊದಲ ದಿನವೇ ಮಾಡಬೇಕಿದ್ದ ಟೆಸ್ಟ್ ಮಾಡಿದೆ. ಔಟ್‌ಪುಟ್ ಫ್ರೀಕ್ವೆನ್ಸಿ 20 ಮೆಗಾಹರ್ಟ್ಸ್‌ಗೆ ಇಳಿಸಿದೆ, 58 ಬಂತು. 2 ಮೆಗಾಹರ್ಟ್ಸ್‌ಗೆ ಇಳಿಸಿದೆ, ಸುಮಾರು 78. ಹತ್ತು ಪಟ್ಟು ಇಳಿಸಿದರೆ 20 ಡೆಸಿಬಲ್ ಏರುತ್ತಿದೆ. ಇದು ಕ್ಲಾಕಿನ ಗುರುತು. ಔಟ್‌ಪುಟ್‌ಗೆ ಬಂದು ಸೇರುವ ಮಾಮೂಲಿ ನಾಯ್ಸ್ ಹೀಗೆ ಅಲೆಯ ವೇಗ ನೋಡಿ ಬದಲಾಗುವುದಿಲ್ಲ. ಅಂಚು ಬರುವ ಸಮಯ ಅಲುಗಾಡಿದರೆ ಮಾತ್ರ, ಅಲೆ ಬೇಗ ಏರಿದಷ್ಟೂ ತಪ್ಪು ಜಾಸ್ತಿ. ಹಿಂದಕ್ಕೆ ಲೆಕ್ಕ ಹಾಕಿದರೆ ಜಿಟ್ಟರ್ 10 ಪಿಕೋಸೆಕೆಂಡ್, ಅಂದರೆ 10,000 ಫೆಮ್ಟೋಸೆಕೆಂಡ್. ಅವರು ಹೇಳಿದ್ದಕ್ಕಿಂತ ನೂರು ಪಟ್ಟು!

ಬೋರ್ಡಿನ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಕೇಳಿದೆ. "ಅದು ಕಾನ್ಫಿಡೆನ್ಶಿಯಲ್ ಸರ್." ಸರಿ, ಭೂತಗನ್ನಡಿ ಹಿಡಿದು ನಾನೇ ಕೂತೆ. ಬೋರ್ಡಿನ ಮೇಲೆ ಕ್ಲಾಕ್ ಹುಟ್ಟಿಸುವ ಒಳ್ಳೆಯ ಆಸಿಲೇಟರ್ ಇದೆ, ನಿಜ. ಆದರೆ ಅದರ ತಾಮ್ರದ ಗೆರೆ ಹೋಗಿ ಸೇರಿದ್ದು ಎಫ್‌ಪಿಜಿಎಗೆ (ಡ್ಯಾಕ್‌ಗೆ ಡೇಟಾ ಕಳಿಸುವ, ಪ್ರೋಗ್ರಾಮ್ ಮಾಡಬಹುದಾದ ಡಿಜಿಟಲ್ ಚಿಪ್). ಡ್ಯಾಕ್‌ನ ಕ್ಲಾಕ್ ಪಿನ್ ಹಿಡಿದು ಹಿಂದಕ್ಕೆ ಹೋದೆ. ಆ ಗೆರೆ ಹೊರಟಿದ್ದೂ ಎಫ್‌ಪಿಜಿಎಯಿಂದಲೇ.

ಕೈ ನಡುಗಿತು. ಎಫ್‌ಪಿಜಿಎ ಒಳಗೆ ಸಾವಿರಾರು ಫ್ಲಿಪ್‌ಫ್ಲಾಪ್‌ಗಳು ಒಟ್ಟಿಗೆ ಬಡಿದುಕೊಳ್ಳುತ್ತಿರುತ್ತವೆ, ಅದರ ಸಪ್ಲೈ ಕುಲುಕುತ್ತಿರುತ್ತದೆ. ಅದರೊಳಗಿನ ಪಿಎಲ್‌ಎಲ್ (ಬಂದ ಕ್ಲಾಕಿನಿಂದ ಹೊಸ ಕ್ಲಾಕ್ ಮಾಡುವ ಸರ್ಕ್ಯೂಟ್) ದಾಟಿ ಬಂದ ಕ್ಲಾಕನ್ನು 16 ಬಿಟ್ ಡ್ಯಾಕ್‌ಗೆ ಕೊಡುತ್ತಾರಾ ಯಾರಾದರೂ?

ಇದನ್ನೇ ಬರೆದು ಕೇಳಿದೆ. ಬಂದ ಉತ್ತರ: "ಸರ್, 100 ಫೆಮ್ಟೋಸೆಕೆಂಡ್ ಅನ್ನುವುದು ಆಸಿಲೇಟರಿನ ಸ್ಪೆಕ್. ಆಸಿಲೇಟರ್ ಬೋರ್ಡಿನಲ್ಲಿ ಇದೆಯಲ್ಲ." ಅಂದರೆ ಸುಳ್ಳು ಹೇಳಿಲ್ಲವಂತೆ! ಇನ್ನೊಂದು ಮೇಲ್‌ನಲ್ಲಿ, "ನಮ್ಮ ಡೇಟಾ ಲೈನುಗಳ ಉದ್ದ ಎಲ್ಲಾ ಒಂದೇ ಸಮ ಇದೆ ಸರ್" ಅಂದರು. ಅದಕ್ಕೂ ಇದಕ್ಕೂ ಏನು ಸಂಬಂಧ? ಡೇಟಾ ಬಿಟ್‌ಗಳು ಸ್ವಲ್ಪ ಹಿಂದೆ ಮುಂದೆ ಬಂದರೂ, ಕ್ಲಾಕ್ ಅಂಚಿಗೆ ಸ್ವಲ್ಪ ಮೊದಲಿನಿಂದ ಸ್ವಲ್ಪ ಆಮೇಲಿನವರೆಗೆ (ಸೆಟಪ್ ಮತ್ತು ಹೋಲ್ಡ್ ಸಮಯ) ಸ್ಥಿರವಾಗಿ ಇದ್ದರೆ ಡ್ಯಾಕ್ ಒಳಗಿನ ಲ್ಯಾಚ್ ತನ್ನ ಕ್ಲಾಕಿಗೆ ಅವನ್ನು ಸರಿಯಾಗಿ ಸಾಲು ನಿಲ್ಲಿಸುತ್ತದೆ. ಆ ಕ್ಲಾಕೇ ಅಲುಗಾಡಿದರೆ ಲೈನಿನ ಉದ್ದ ಎಷ್ಟು ಸಮ ಇದ್ದು ಏನು ಬಂತು!

ನನಗೆ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ಕೊಳ್ಳುವ ಮುಂಚೆ ಟೆಸ್ಟ್ ಗ್ರಾಫ್ ಕಳಿಸಿದ್ದರು. 84 ಡೆಸಿಬಲ್, ತುಂಬಾ ಚೆನ್ನಾಗಿತ್ತು. ಅದನ್ನು ನೋಡಿಯೇ ದುಡ್ಡು ಕಳಿಸಿದ್ದೆ. ಈಗ ಮತ್ತೆ ತೆಗೆದು ನೋಡಿದರೆ ಮೂಲೆಯಲ್ಲಿ ಸಣ್ಣದಾಗಿ "1 ಮೆಗಾಹರ್ಟ್ಸ್" ಅಂತಿದೆ. 1 ಮೆಗಾಹರ್ಟ್ಸ್‌ನಲ್ಲಿ 10 ಪಿಕೋಸೆಕೆಂಡ್ ಜಿಟ್ಟರ್ ಇದ್ದರೂ 84 ಬಂದೇ ಬರುತ್ತದೆ! ಎಲ್ಲಾ ಕಣ್ಣೆದುರಿಗೇ ಇತ್ತು. ನಾನು ನೋಡಲಿಲ್ಲ.

ಕೊನೆಗೆ ಎಫ್‌ಪಿಜಿಎಯಿಂದ ಡ್ಯಾಕ್‌ಗೆ ಬರುವ ಕ್ಲಾಕ್ ಗೆರೆ ಕತ್ತರಿಸಿ, ಆಸಿಲೇಟರಿನಿಂದ ಡ್ಯಾಕ್‌ಗೆ ನೇರವಾಗಿ ಗಿಡ್ಡ ಕೋಆಕ್ಸ್ ಕೇಬಲ್ ಬೆಸುಗೆ ಹಾಕಿದೆ. ಡ್ಯಾಕ್ ಹೊರಗೆ ಕೊಡುವ ಡೇಟಾ ಕ್ಲಾಕ್ ಅದೃಷ್ಟಕ್ಕೆ ಎಫ್‌ಪಿಜಿಎಗೆ ಹೋಗಿತ್ತು, ಅದರಿಂದಲೇ ಎಫ್‌ಪಿಜಿಎ ನಡೆಸಿದೆ. ಮೊದಲು ಡೇಟಾ ತಪ್ಪು ಸಮಯಕ್ಕೆ ಬಂದು ಗ್ಲಿಚ್‌ಗಳು ಕಂಡವು. ಎಫ್‌ಪಿಜಿಎಯ ಡಿಲೇ ಸೆಟ್ಟಿಂಗ್ ತಿದ್ದಿದ ಮೇಲೆ ನಿಂತವು. ಈಗ 200 ಮೆಗಾಹರ್ಟ್ಸ್‌ನಲ್ಲಿ 66 ಬರುತ್ತಿದೆ. ಕೈಬೆಸುಗೆಗೇ ಇಷ್ಟು ಬಂತು. ಅವರು ಬೋರ್ಡ್ ಮಾಡುವಾಗಲೇ ಗೆರೆ ನೇರ ಎಳೆದಿದ್ದರೆ? ಕೇಳಿದ್ದಕ್ಕೆ, "ಬೋರ್ಡ್ ಕತ್ತರಿಸಿದ್ದೀರಿ ಸರ್, ಇನ್ನು ವಾರಂಟಿ ಇಲ್ಲ" ಅಂದರು.

ನೀವು ಕೊಳ್ಳುವುದಾದರೆ ಜಿಟ್ಟರ್ ಸಂಖ್ಯೆ ಡ್ಯಾಕ್‌ನ ಕ್ಲಾಕ್ ಪಿನ್ನಿನಲ್ಲಿ ಅಳೆದದ್ದಾ ಅಂತ ಬರವಣಿಗೆಯಲ್ಲಿ ಕೇಳಿ. ಎಲ್ಲಿಂದ ಎಲ್ಲಿಯವರೆಗಿನ ಫ್ರೀಕ್ವೆನ್ಸಿಗೆ ಅಳೆದದ್ದು ಅಂತಲೂ ಕೇಳಿ, 12 ಕಿಲೋಹರ್ಟ್ಸ್‌ನಿಂದ 20 ಮೆಗಾಹರ್ಟ್ಸ್ ಅಂತ ಮಾತ್ರ ಇದ್ದರೆ ಅದರಾಚೆಯ ನಾಯ್ಸ್ ಲೆಕ್ಕಕ್ಕೇ ಬಂದಿರುವುದಿಲ್ಲ. ಗ್ರಾಫ್ ನಿಮಗೆ ಬೇಕಾದ ಫ್ರೀಕ್ವೆನ್ಸಿಯದ್ದೇ ಇರಲಿ. ಸ್ಕೀಮ್ಯಾಟಿಕ್‌ನಲ್ಲಿ ಕ್ಲಾಕ್ ಪುಟ ತೋರಿಸದಿದ್ದರೆ ಬಿಟ್ಟುಬಿಡಿ. ಬೋರ್ಡ್ ಆಗಲೇ ಕೈಗೆ ಬಂದಿದ್ದರೆ ಫ್ರೀಕ್ವೆನ್ಸಿ ಇಳಿಸುವ ಟೆಸ್ಟ್ ಇವತ್ತೇ ಮಾಡಿ. ನಾನು ಮಾಡಿದಾಗ ವಾಪಸ್ ಕೊಡುವ ಗಡುವು ಮುಗಿದು ನಾಲ್ಕು ದಿನ ಆಗಿತ್ತು.